ಓದು ಬಿಟ್ಟವರೋ, ಬಿಡಬೇಕಾಗಿ ಬಂದವರೋ?

ವಿಶ್ವವಿದ್ಯಾಲಯ ಸೇರಿದ ವಿದ್ಯಾರ್ಥಿ ನಡುವೆಯೇ ಹೊರಬಿದ್ದರೆ ನಾವು ‘ಓದು ಬಿಟ್ಟ’ ಎನ್ನುತ್ತೇವೆ. ಆ ಕ್ರಿಯಾಪದದಲ್ಲಿಯೇ ತೀರ್ಪು ಅಡಗಿದೆ. ಬಿಟ್ಟವನು ಅವನಾದ್ದರಿಂದ ತಪ್ಪೂ ಅವನದೇ ಎಂದಾಗುತ್ತದೆ.

2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ನೀಡಿದ ಮಾಹಿತಿಯಂತೆ, ಹಿಂದಿನ 5 ವರ್ಷಗಳಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ, ಐಐಟಿ ಮತ್ತು ಐಐಎಂಗಳನ್ನು ತೊರೆದ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳ ಸಂಖ್ಯೆ 13,626. ಇವರಲ್ಲಿ 9,642 ಮಂದಿ ಕೇಂದ್ರೀಯ ವಿಶ್ವವಿದ್ಯಾಲಯಗಳವರು. ಕೆಲವರು ಬೇರೆ ಕೋರ್ಸಿಗೆ, ಬೇರೆ ಸಂಸ್ಥೆಗೆ ಹೋದರೆಂಬ ಸಮಜಾಯಿಷಿ ಉಂಟು, ಅದು ಸುಳ್ಳಲ್ಲ. ಆದರೆ ಸರ್ಕಾರಿ ಕಡತಗಳೊಡನೆ ಮೂರು ದಶಕ ಕಳೆದ ನನಗೆ, ಇಂತಹ ಸಮಜಾಯಿಷಿಯೊಂದು ಕಡತವನ್ನು ಮುಚ್ಚಲು ಎಷ್ಟು ಅನುಕೂಲಕರವೆಂಬುದೂ ಗೊತ್ತು.

ಮೊದಲ ಕಾರಣ ಹಣ. ಅದಕ್ಕಿಂತಲೂ ಹಣ ಕೈಸೇರುವ ಹೊತ್ತು. 2024ರಲ್ಲಿ ಉತ್ತರ ಪ್ರದೇಶದ ದಿನಗೂಲಿಯೊಬ್ಬರ ಮಗ 17,500 ರೂಪಾಯಿ ಶುಲ್ಕವನ್ನು ಗಡುವಿನೊಳಗೆ ಕಟ್ಟಲಾಗದೆ ಧನಬಾದ್ ಐಐಟಿಯ ಸೀಟನ್ನೇ ಕಳೆದುಕೊಂಡಿದ್ದ. ಅದನ್ನು ಮರಳಿ ಕೊಡಿಸಲು ಸರ್ವೋಚ್ಚ ನ್ಯಾಯಾಲಯವೇ ಬೇಕಾಯಿತು. ನಮ್ಮ ತೆಲಂಗಾಣದಲ್ಲಿಯೂ ಶುಲ್ಕ ಮರುಪಾವತಿಯ ಬಾಕಿ ಬೆಳೆದಾಗಲೆಲ್ಲ ಕಾಲೇಜುಗಳು ವಿದ್ಯಾರ್ಥಿಯ ಪ್ರಮಾಣಪತ್ರ ತಡೆಹಿಡಿಯುತ್ತವೆ. ಸರ್ಕಾರದ ಸಾಲಕ್ಕೆ ಬಡವನ ಮಗ ಒತ್ತೆಯಾಳು!

ಎರಡನೆಯದು ಭಾಷೆ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1918ರಲ್ಲಿ ಆರಂಭವಾದ ಉಸ್ಮಾನಿಯಾದ ಬೋಧನಾ ಮಾಧ್ಯಮ ಉರ್ದು. ಕಲಬುರಗಿ, ಬೀದರ, ರಾಯಚೂರುಗಳಿಂದ ಬಂದ ನಮ್ಮ ಹಿರಿಯರು ಮನೆಯಲ್ಲಿ ಕನ್ನಡ, ತರಗತಿಯಲ್ಲಿ ಉರ್ದು ಎಂದು ಹೆಣಗಿದರು. ಇಂದು ಉರ್ದುವಿನ ಸ್ಥಾನದಲ್ಲಿ ಇಂಗ್ಲಿಷ್ ಕುಳಿತಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ಮೊದಲ ಸೆಮಿಸ್ಟರಿನಲ್ಲಿ ಮೌನಿಯಾದರೆ ಅದು ದಡ್ಡತನವಲ್ಲ. ಆ ಮೌನವನ್ನು ಗುರುತಿಸುವವರಿಲ್ಲದಿದ್ದರೆ ಎರಡನೆಯ ಸೆಮಿಸ್ಟರಿಗೆ ಅವಳ ಆಸನ ಬರಿದಾಗುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ ಎಂದು ಹೊರಹೋಗುವ ಬಾಗಿಲುಗಳನ್ನು ತೆರೆದಿದೆ, ಮರಳಿ ಬರುವ ಅವಕಾಶವನ್ನೂ ಹೇಳಿದೆ. ಆದರೆ ಸಂಸಾರದ ನೊಗಕ್ಕೆ ಹೆಗಲು ಕೊಟ್ಟವನು ಮರಳಿ ಬರುವುದು ಸುಲಭವಲ್ಲ.

ನಮ್ಮ ಸಂಘಗಳು ಪ್ರತಿವರ್ಷ ಹೆಚ್ಚು ಅಂಕ ಗಳಿಸಿದವರಿಗೆ ಶಾಲು ಹೊದಿಸುತ್ತವೆ. ಸಂತೋಷ. ಆದರೆ ಅವರು ಹೇಗೂ ದಡ ಸೇರುವವರು. ಬೇಗಂಪೇಟೆಯಿಂದ ಕಾಚಿಗುಡದವರೆಗೆ ಹರಡಿರುವ ನಾವು ಒಂದು ತುರ್ತು ಶುಲ್ಕನಿಧಿ ಕಟ್ಟಲಾರೆವೆ? ಊರಿನಿಂದ ಹೊಸದಾಗಿ ಬಂದ ವಿದ್ಯಾರ್ಥಿಗೆ ಮೊದಲ ವರ್ಷ ಆಸರೆಯಾಗಲು ಒಂದೊಂದು ಮನೆಯವರು ಮುಂದಾಗಲಾರರೆ? ಒಂದು ರಾಜ್ಯೋತ್ಸವದ ಶಾಮಿಯಾನದ ಖರ್ಚು ಒಬ್ಬ ವಿದ್ಯಾರ್ಥಿಯ ವರ್ಷವನ್ನು ಉಳಿಸಬಲ್ಲುದು. ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಇದು ಚರ್ಚೆಗೆ ಬರಲಿ.