ಒಂದೇ ಕೀಲಿ, ಹಲವು ಬಾಗಿಲು

ಕೆ.ಆರ್. ಪೇಟೆಯ ಹೈಸ್ಕೂಲಿನ ವರ್ಗಾವಣೆ ಪತ್ರ ತೋರಿಸಿದರೆ ಪಾಂಡವಪುರದ ಕಾಲೇಜಿನವರು ಮುಖ್ಯೋಪಾಧ್ಯಾಯರ ಸಹಿ, ಮೊಹರನ್ನು ನಂಬುತ್ತಾರೆ. ಅಂತರಜಾಲದ ‘ಸಿಂಗಲ್ ಸೈನ್-ಆನ್’ ನಡೆಯುವುದೂ ಹೀಗೆಯೇ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಮೇರಿ ಪೆಹಚಾನ್’ ವ್ಯವಸ್ಥೆಯಲ್ಲಿ ಡಿಜಿಲಾಕರ್ ಖಾತೆಯೊಂದಿದ್ದರೆ ಹಲವು ಸರ್ಕಾರಿ ತಾಣಗಳನ್ನು ಪ್ರವೇಶಿಸಬಹುದು. ನಿಮ್ಮ ಪಿನ್ ಸಂಖ್ಯೆಯನ್ನು ಪರೀಕ್ಷಿಸುವುದು ಡಿಜಿಲಾಕರ್ ಮಾತ್ರ. ಉಳಿದ ತಾಣಗಳಿಗೆ ತಲುಪುವುದು ‘ಇವರು ಇಂಥವರೇ’ ಎಂಬ, ಅಲ್ಪಕಾಲ ಬಾಳುವ ಡಿಜಿಟಲ್ ಚೀಟಿ.

ಹತ್ತಾರು ಪಾಸ್‌ವರ್ಡ್ ನೆನಪಿಡುವ ತಾಪತ್ರಯ ತಪ್ಪಿತು, ನಿಜ. ಆದರೆ ಆ ಒಂದು ಕೀಲಿ ಕಳ್ಳನ ಕೈಸೇರಿದರೆ ಎಲ್ಲ ಬಾಗಿಲೂ ತೆರೆದಂತೆ!

ವಿದ್ಯಾರ್ಥಿಗಳೇ, ನಾಗಮಂಗಲವಿರಲಿ, ಶ್ರೀರಂಗಪಟ್ಟಣವಿರಲಿ, ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬುವಾಗ ಪಿನ್ ಅನ್ನು ನೀವೇ ಒತ್ತಿರಿ. ಮುಗಿದ ಮೇಲೆ ಅರ್ಜಿಯ ತಾಣದಿಂದಷ್ಟೇ ಅಲ್ಲ, ಡಿಜಿಲಾಕರಿನಿಂದಲೂ ಲಾಗ್‌ಔಟ್ ಆಗಿರಿ. ಪೋಷಕರೇ, ಮೊಬೈಲಿಗೆ ಬರುವ ಒ.ಟಿ.ಪಿ.ಯನ್ನು ಯಾರಿಗೂ ಹೇಳಬೇಡಿ.