ಕಾಲೇಜಿನ ವೇಳಾಪಟ್ಟಿಯೂ ಹಳ್ಳಿಯ ಬಸ್ಸೂ

ಎಸ್ಸೆಸ್ಸೆಲ್ಸಿ ತೇರ್ಗಡೆಯಾದ ಮಕ್ಕಳು ಜೂನ್ ತಿಂಗಳ ಮಳೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತುತ್ತಾರೆ. ಎಷ್ಟು ಮಂದಿ ಹತ್ತಿದರೆಂಬ ಲೆಕ್ಕವನ್ನು ಇಲಾಖೆ ಇಡುತ್ತದೆ. ದಸರಾ ರಜೆಯ ಹೊತ್ತಿಗೆ ಸದ್ದಿಲ್ಲದೆ ಇಳಿದುಹೋದವರು ಯಾರು, ಏಕೆ ಇಳಿದರು ಎಂದು ಕೇಳುವವರು ಕಡಿಮೆ. ದಡ್ಡರು, ಓದುವ ಮನಸ್ಸಿಲ್ಲದವರು ಎಂದು ಒಂದು ಷರಾ ಬರೆದು ಕಡತ ಮುಚ್ಚುತ್ತಾರೆ. ಈ ಷರಾವನ್ನು ನಾವು ಒಪ್ಪುವುದಿಲ್ಲ. ಅವರಲ್ಲಿ ಅನೇಕರು ಸೋತದ್ದು ಗಣಿತಕ್ಕಲ್ಲ, ಇಂಗ್ಲಿಷಿಗೂ ಅಲ್ಲ, ಗಡಿಯಾರಕ್ಕೆ.

ಪ್ರೌಢಶಾಲೆಯ ದಿನ ಎಂಥದೆಂದು ನೆನೆದುಕೊಳ್ಳಿ. ಹತ್ತು ಗಂಟೆಯ ಸುಮಾರಿಗೆ ಪ್ರಾರ್ಥನೆ, ಮುಕ್ಕಾಲು ಗಂಟೆಗೊಂದು ಪಾಠ, ಮಧ್ಯಾಹ್ನ ಬಿಸಿಯೂಟ, ಸಂಜೆ ನಾಲ್ಕರ ಮೇಲೆ ಬಿಡುಗಡೆ. ದಿನವಿಡೀ ಒಂದೇ ಕೊಠಡಿ, ಒಂದೇ ಬೆಂಚು. ಬಾರದಿದ್ದರೆ ಮೇಷ್ಟ್ರು ಪಕ್ಕದ ಮನೆಯ ಹುಡುಗನನ್ನು ಕೇಳುತ್ತಾರೆ. ಮೂರು ದಿನ ಬಾರದಿದ್ದರೆ ಸಂತೆಯಲ್ಲಿ ಸಿಕ್ಕ ಅಪ್ಪನನ್ನೇ ನಿಲ್ಲಿಸಿ ವಿಚಾರಿಸುತ್ತಾರೆ. ಮನೆಗೆಲಸ ಮಾಡದವನಿಗೆ ಬೈಗುಳ ತಪ್ಪಿದ್ದಲ್ಲ. ಈ ಕಟ್ಟುಪಾಡು ಮಕ್ಕಳಿಗೆ ಬೇಸರ ತಂದರೂ ಹಿಂದೆ ಬೀಳುವವನನ್ನು ಒಂದಿಷ್ಟು ಎಳೆದುಕೊಂಡು ಹೋಗುತ್ತದೆ.

ಪದವಿಪೂರ್ವ ಕಾಲೇಜಿನಲ್ಲಿ ಇದೆಲ್ಲ ಒಂದೇ ದಿನದಲ್ಲಿ ಕಳಚಿ ಬೀಳುತ್ತದೆ. ಪಾಠ ಒಂದೊಂದು ಗಂಟೆಯದು. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಪ್ರತಿಯೊಂದಕ್ಕೂ ಬೇರೆ ಉಪನ್ಯಾಸಕರು. ನಡುವೆ ಒಂದು ಗಂಟೆ ಪಾಠವಿಲ್ಲ, ಆಮೇಲೆ ಮತ್ತೊಂದು ಪಾಠ. ವಿಜ್ಞಾನದವರಿಗೆ ಮಧ್ಯಾಹ್ನ ಪ್ರಯೋಗಶಾಲೆ, ರಾತ್ರಿ ರೆಕಾರ್ಡು ಪುಸ್ತಕ. ಕಲಾ ವಿಭಾಗದವರಿಗೆ ಒಂದು ದಿನ ಹನ್ನೆರಡಕ್ಕೇ ಮುಗಿದರೆ ಮಾರನೆಯ ದಿನ ಮೂರಾಗುತ್ತದೆ. ಮನೆಗೆಲಸ ಕೇಳುವವರಿಲ್ಲ; ಬಂದೆಯಾ ಎಂದು ವಿಚಾರಿಸುವವರೂ ಇಲ್ಲ. ಆದರೆ ವರ್ಷದ ಕೊನೆಗೆ ಶೇಕಡಾ 75 ಹಾಜರಿ ಇಲ್ಲವೆಂದು ಪರೀಕ್ಷೆಗೆ ಕೂರಿಸದಿರುವ ನೋಟೀಸು ಮಾತ್ರ ಫಲಕದ ಮೇಲೆ ತಪ್ಪದೆ ಬರುತ್ತದೆ. ಪದವಿ ತರಗತಿಗೆ ಹೋದರೆ ಆರು ತಿಂಗಳಿಗೊಂದು ಸೆಮಿಸ್ಟರು. ಪಾಠ ಹಿಡಿತಕ್ಕೆ ಬರುವಷ್ಟರಲ್ಲಿ ಪರೀಕ್ಷೆ ಬಾಗಿಲಿಗೆ ಬಂದಿರುತ್ತದೆ.

ಸ್ವಾತಂತ್ರ್ಯ ಒಳ್ಳೆಯದೇ. ಹದಿನಾರು ವರ್ಷದ ಹುಡುಗ ಹುಡುಗಿಯರು ತಮ್ಮ ಹೊತ್ತನ್ನು ತಾವೇ ಆಳಲು ಕಲಿಯಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಈ ಬಿಡುವಿನ ಗಂಟೆಗಳು ಎಲ್ಲರಿಗೂ ಒಂದೇ ಅಲ್ಲ. ಪೇಟೆಯ ವಕೀಲರ ಮಗ ಬೆಳಿಗ್ಗೆ ಆರಕ್ಕೆ ಟ್ಯೂಷನ್ ಮುಗಿಸಿ, ತಿಂಡಿ ತಿಂದು, ಕಾಲೇಜಿಗೆ ಬರುತ್ತಾನೆ. ಬಿಡುವಿನ ಹೊತ್ತಿನಲ್ಲಿ ಮನೆಗೆ ಹೋಗಿ ಊಟ ಮಾಡುತ್ತಾನೆ. ಸಂಜೆ ಮತ್ತೆ ನೀಟ್, ಸಿಇಟಿ ತರಬೇತಿ. ಕಾಡಂಚಿನ ಹಳ್ಳಿಯ ಹುಡುಗಿ ಐದಕ್ಕೆ ಎದ್ದು, ಕೊಟ್ಟಿಗೆಯ ಕೆಲಸ ಮುಗಿಸಿ, ಎರಡು ಮೈಲಿ ನಡೆದು, ಏಳರ ಬಸ್ಸು ಹಿಡಿಯುತ್ತಾಳೆ. ಆ ಬಸ್ಸು ಬಿಟ್ಟರೆ ಇನ್ನೊಂದು ಹತ್ತಕ್ಕೆ. ಆಗ ಮೊದಲ ಪಾಠ ಹೋಯಿತು. ಮಧ್ಯಾಹ್ನ ಹನ್ನೆರಡಕ್ಕೆ ಪಾಠ ಮುಗಿದರೂ ಊರಿಗೆ ಬಸ್ಸು ನಾಲ್ಕೂವರೆಗೆ. ಆ ನಾಲ್ಕೂವರೆ ಗಂಟೆ ಅವಳು ಎಲ್ಲಿರಬೇಕು? ಗ್ರಂಥಪಾಲಕರ ಹುದ್ದೆ ಖಾಲಿ ಇರುವ ಕಡೆ ಗ್ರಂಥಾಲಯಕ್ಕೆ ಬೀಗ. ಬಸ್‌ನಿಲ್ದಾಣದ ಕಲ್ಲುಬೆಂಚಿನಲ್ಲಿ ಕುಳಿತರೆ ಊರಿನವರು ನೋಡಿ ಮನೆಯಲ್ಲಿ ಒಂದಕ್ಕೆರಡು ಹೇಳುತ್ತಾರೆ. ಹನ್ನೆರಡಕ್ಕೆ ಕಾಲೇಜು ಬಿಟ್ಟರೆ ಆರರವರೆಗೆ ಎಲ್ಲಿದ್ದೆ ಎಂದು ಅಪ್ಪ ಕೇಳುತ್ತಾನೆ. ಎರಡು ಸಲ ಕೇಳಿದ ಮೇಲೆ ಮೂರನೆಯ ಸಲ ಕೇಳುವುದಿಲ್ಲ. ಓದು ಸಾಕು ಎನ್ನುತ್ತಾನೆ. ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ಕಾಲೇಜಿನ ಹೊತ್ತು ಶಾಲೆಯ ಹೊತ್ತಿನಂತಲ್ಲ. ಸಂಶಯಪಡುವ ಮುನ್ನ ಒಂದು ದಿನ ಕೆಲಸ ಬಿಟ್ಟು ಹೋಗಿ ವೇಳಾಪಟ್ಟಿ ನೋಡಿ ಬನ್ನಿ.

ಶರಾವತಿ ಹಿನ್ನೀರಿನ ಆಚೆ ದಂಡೆಯವರಿಗೆ ಈ ಮಾತು ವಿವರಿಸಬೇಕಾಗಿಲ್ಲ. ನಾಡಿಗೆ ದೀಪ ಹಚ್ಚಲು 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿಯಿತು. ಹೊಲ ಮನೆ ಮುಳುಗಿಸಿಕೊಂಡವರು ಸಾಗರಕ್ಕೆ ಬರಲು ಲಾಂಚು ಕಾಯುವಂತಾಯಿತು. ಸಂಜೆಯ ಕೊನೆಯ ಲಾಂಚು ತಪ್ಪಿದ ವಿದ್ಯಾರ್ಥಿಗೆ ಆ ರಾತ್ರಿ ಮನೆಯಿಲ್ಲ. ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು. ಅರವತ್ತು ವರ್ಷ ಎರಡು ತಲೆಮಾರಿನ ಮಕ್ಕಳ ವೇಳಾಪಟ್ಟಿಯನ್ನು ಬರೆದದ್ದು ಲಾಂಚೇ ಹೊರತು ಪ್ರಿನ್ಸಿಪಾಲರಲ್ಲ.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೇಟಿಲ್ಲದಂತೆ ಮಾಡಿತು. ಇದನ್ನು ನಾವು ಮನಸಾರೆ ಸ್ವಾಗತಿಸಿದ್ದೇವೆ. ಬಿಟ್ಟಿ ಭಾಗ್ಯವೆಂದು ಹಂಗಿಸುವವರ ಜೊತೆ ನಾವಿಲ್ಲ. ಆದರೆ ಮಲೆನಾಡಿನ ಒಳರಸ್ತೆಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು. ಬಾರದ ಬಸ್ಸಿನಲ್ಲಿ ಟಿಕೇಟು ಮಾಫಿಯಾದರೆ ಫಲವೇನು? ಕೊಪ್ಪದಲ್ಲಿ ಕಾರ್ಮಿಕರೇ ಕಟ್ಟಿ ನಡೆಸಿದ ಸಹಕಾರ ಸಾರಿಗೆಯೂ 2020ರಲ್ಲಿ ನಿಂತುಹೋಯಿತು. ಅದನ್ನು ಉಳಿಸಲು ಯಾವ ಮಂತ್ರಿಗೂ ಪುರುಸೊತ್ತಾಗಲಿಲ್ಲ.

ಇನ್ನು ಊಟದ ಮಾತು. ಬಿಸಿಯೂಟದ ಯೋಜನೆ 2007ರಲ್ಲಿ ಪ್ರೌಢಶಾಲೆಗೆ ವಿಸ್ತರಿಸಿತು. ಹತ್ತನೆಯ ತರಗತಿಗೆ ಗೆರೆ ಎಳೆಯಲಾಯಿತು. ಮಾರ್ಚಿಯಲ್ಲಿ ಹಸಿಯುತ್ತಿದ್ದ ಹೊಟ್ಟೆ ಜೂನಿನಲ್ಲಿ ಹಸಿಯುವುದಿಲ್ಲವೆಂದು ಗೆರೆ ಎಳೆದವರು ತಿಳಿದರೇನು? ಉಚಿತ ಪಠ್ಯಪುಸ್ತಕಕ್ಕೂ ಅದೇ ಗೆರೆ. ಕೇಂದ್ರ ಪಠ್ಯಕ್ರಮದಲ್ಲಿ ಓದುವ ಅದೇ ವಯಸ್ಸಿನ ಹುಡುಗ ಇನ್ನೂ ಶಾಲೆಯ ಹನ್ನೊಂದನೆಯ ತರಗತಿಯಲ್ಲಿದ್ದಾನೆ. ನಮ್ಮವನಿಗೆ ಕಾಲೇಜು ಎಂಬ ದೊಡ್ಡ ಹೆಸರು ಸಿಕ್ಕಿತು; ತಟ್ಟೆ ಹೋಯಿತು.

ಪಾಠದ ಭಾಷೆಯ ವಿಷಯ ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ. ಕನ್ನಡದಲ್ಲಿ ವಿಜ್ಞಾನ ಓದಿ ಒಳ್ಳೆಯ ಅಂಕ ತಂದ ಹುಡುಗಿ ಪಿಯುಸಿಯಲ್ಲಿ ಮೊದಲ ದಿನವೇ ಮೂಗಿಯಾಗುತ್ತಾಳೆ. ದ್ಯುತಿಸಂಶ್ಲೇಷಣೆ ಅವಳಿಗೆ ಗೊತ್ತು; ಅದರ ಇಂಗ್ಲಿಷ್ ಹೆಸರು ಗೊತ್ತಿಲ್ಲ. ಗೊತ್ತಿಲ್ಲವೆಂದು ಕೇಳಲು ನಾಚಿಕೆ. ಮೊದಲ ಮೂರು ತಿಂಗಳು ಉಪನ್ಯಾಸಕರು ಎರಡೂ ಭಾಷೆಯಲ್ಲಿ ಪದ ಬರೆಸಿ ಪಾಠ ಹೇಳಿದರೆ ಆಕಾಶ ಕಳಚಿ ಬೀಳುವುದಿಲ್ಲ. ಹಾಗೆ ಹೇಳುವ ಪುಣ್ಯವಂತರು ಕೆಲವರಿದ್ದಾರೆ. ಅವರಿಗೆ ನಮ್ಮ ನಮಸ್ಕಾರ.

ಆ ಉಪನ್ಯಾಸಕರ ಪಾಡನ್ನೂ ಮರೆಯುವಂತಿಲ್ಲ. ಸರ್ಕಾರಿ ಪದವಿ ಕಾಲೇಜುಗಳ ಪಾಠದ ಭಾರ ಹೊತ್ತವರಲ್ಲಿ ಸಾವಿರಾರು ಮಂದಿ ಅತಿಥಿ ಉಪನ್ಯಾಸಕರು. ಹತ್ತು ಹದಿನೈದು ವರ್ಷ ಮನೆಯಲ್ಲಿದ್ದರೂ ಹೆಸರು ಮಾತ್ರ ಅತಿಥಿ! 2023ರ ನವೆಂಬರಿನಲ್ಲಿ ಅವರು ಸೇವಾಭದ್ರತೆ ಕೇಳಿ ತರಗತಿ ಬಹಿಷ್ಕರಿಸಿ ಬೀದಿಗಿಳಿದಾಗ ವಾರಗಟ್ಟಲೆ ಪಾಠ ನಿಂತಿತು. ಸೆಮಿಸ್ಟರು ನಿಲ್ಲಲಿಲ್ಲ. ಇದರ ಜೊತೆಗೆ 2021ರಲ್ಲಿ ಹೊಸ ಶಿಕ್ಷಣ ನೀತಿಯೆಂದು ನಾಲ್ಕು ವರ್ಷದ ಪದವಿ ತಂದರು, 2024ರಲ್ಲಿ ಮತ್ತೆ ಮೂರು ವರ್ಷವೆಂದರು. ತಂದವರಿಗೂ ತೆಗೆದವರಿಗೂ ಕಾರಣಗಳಿದ್ದವು. ತೆಗೆದದ್ದು ಸರಿಯೆಂದೇ ನಮ್ಮ ಅಭಿಪ್ರಾಯ. ನಡುವೆ ಸೇರಿದ ಮೂರು ವರ್ಷದ ವಿದ್ಯಾರ್ಥಿಗಳನ್ನು ಮಾತ್ರ ಯಾರೂ ಕೇಳಲಿಲ್ಲ.

1951ರಲ್ಲಿ ಕಾಗೋಡಿನ ಗೇಣಿದಾರರು ಒಡೆಯರ ಅಳತೆಯ ಕೊಳಗವನ್ನು ಪ್ರಶ್ನಿಸಿದರು. ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಗೋಪಾಲಗೌಡರು ಮರುವರ್ಷ ಶಾಸನಸಭೆಗೆ ಹೋಗಿ ಆ ದನಿಯನ್ನು ಅಲ್ಲಿ ಎತ್ತಿದರು. ಆ ಗೇಣಿದಾರರ ಮೊಮ್ಮಕ್ಕಳು, ಮರಿಮಕ್ಕಳು ಕಾಲೇಜಿಗೆ ಬಂದಿದ್ದಾರೆ. ಅವರನ್ನು ಅಳೆಯುವ ಗಂಟೆಯ ಕೊಳಗವೂ ಪೇಟೆಯವರ ಮನೆಯದೇ.

ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗೆ ಎರಡು ಮಾತು. ಅಂದಿನ ಪಾಠವನ್ನು ಅಂದೇ, ಬಸ್ಸು ಕಾಯುವ ಹೊತ್ತಿನಲ್ಲೇ ಓದಿಕೊಳ್ಳಿ. ಪ್ರೌಢಶಾಲೆಯಂತೆ ಕೊನೆಗೆ ಮೇಷ್ಟ್ರು ಪುನರಾವರ್ತನೆ ಮಾಡಿಸುವರೆಂದು ನಂಬಿ ಕೂರಬೇಡಿ. ಹಾಜರಿ ಎಷ್ಟಾಗಿದೆಯೆಂದು ತಿಂಗಳಿಗೊಮ್ಮೆ ಕೇಳಿ ತಿಳಿಯಿರಿ. ಕೇಳುವುದು ನಿಮ್ಮ ಹಕ್ಕು.

ಉಳಿದದ್ದು ಆಡಳಿತದವರ ಪಾಲಿನ ಕೆಲಸ. ಪದವಿಪೂರ್ವ ಕಾಲೇಜಿನ ಅಭಿವೃದ್ಧಿ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಖಾಸಗಿ ಬಸ್ಸಿನ ರಹದಾರಿ ಮತ್ತು ವೇಳೆ ನಿಗದಿ ಮಾಡುವ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು. ಈ ಇಬ್ಬರೂ ಡಿಪೋ ಮ್ಯಾನೇಜರನ್ನೂ ಪ್ರಿನ್ಸಿಪಾಲರನ್ನೂ ಕೂರಿಸಿಕೊಂಡು, ಬಸ್ಸಿನ ಪಟ್ಟಿಯನ್ನು ಕಾಲೇಜಿನ ಪಟ್ಟಿಯ ಪಕ್ಕದಲ್ಲಿಟ್ಟು ಒಂದು ಮಧ್ಯಾಹ್ನ ನೋಡಿದರೆ ಅರ್ಧ ತೊಡಕು ಬಿಡುತ್ತದೆ. ಗ್ರಂಥಾಲಯ ಸಂಜೆ ಐದರವರೆಗೆ ತೆರೆದಿರಬೇಕು. ಹುಡುಗಿಯರಿಗೆ ಬೀಗವಿಲ್ಲದ ಒಂದು ಕೊಠಡಿ, ನೀರಿರುವ ಶೌಚಾಲಯ ಬೇಕು. ಬಿಸಿಯೂಟ ಎಲ್ಲ ಸರ್ಕಾರಿ ಪದವಿಪೂರ್ವ ಕಾಲೇಜುಗಳಿಗೂ ಬರಬೇಕು.

ಪಕ್ಷದ ತಾಲ್ಲೂಕು ಶಾಖೆಗಳು ಈ ಬೇಡಿಕೆಗಳೊಂದಿಗೆ ಜಿಲ್ಲಾಧಿಕಾರಿಗಳನ್ನು ಕಾಣಲಿವೆ. ಅದಕ್ಕೆ ಮುಂಚೆ ಓದುಗರು ತಮ್ಮ ಊರಿನಿಂದ ಕಾಲೇಜಿಗೆ ಹೋಗುವ ಮೊದಲ ಬಸ್ಸು, ಹಿಂದಿರುಗುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದೂ ಎಷ್ಟು ವಿದ್ಯಾರ್ಥಿಗಳು ಅದನ್ನು ನಂಬಿದ್ದಾರೆಂದೂ ಒಂದು ಕಾರ್ಡಿನಲ್ಲಿ ಬರೆದು ನಮ್ಮ ಕಚೇರಿಗೆ ಕಳಿಸಬೇಕೆಂದು ಕೋರುತ್ತೇವೆ.