ಇಮೇಲ್ ಒಂದು ಕ್ಲಿಕ್ಕಿನ ದೂರದಲ್ಲಿರಲಿ: ಗಡಿ ಊರಿನ ಮನೆಗಳಿಗೆ ಇದು ಈಗ ಏಕೆ ಮುಖ್ಯ?



ಸೊಲ್ಲಾಪುರ, ಅಕ್ಕಲಕೋಟೆ, ಮಂಗಳವೇಢೆ ಭಾಗದ ನಮ್ಮ ಮನೆಗಳಲ್ಲಿ ಲ್ಯಾಪ್‌ಟಾಪ್ ಈಗ ಅಪರೂಪದ ವಸ್ತುವಲ್ಲ. ಮಕ್ಕಳ ಓದಿಗೆಂದು ಹೊಸದೋ ಹಳೆಯದೋ ಒಂದು ಬಂದಿರುತ್ತದೆ. ಆದರೆ ಆ ಮನೆಯ ಇಮೇಲ್ ಮಾತ್ರ ಹಲವು ಕಡೆ ಇನ್ನೂ ಆನ್‌ಲೈನ್ ಅಂಗಡಿಯಲ್ಲೇ ಉಳಿದಿದೆ. ಅರ್ಜಿ ತುಂಬುವ ದಿನ ಅಂಗಡಿಯವರೇ ಒಂದು ಜಿಮೇಲ್ ವಿಳಾಸ ತೆರೆಯುತ್ತಾರೆ, ಪಾಸ್‌ವರ್ಡ್ ಅವರೇ ಇಡುತ್ತಾರೆ. ಅದು ಒಂದು ಚೀಟಿಯ ಮೇಲೆ ಉಳಿದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ. ಮುಂದೆ ಆ ವಿಳಾಸಕ್ಕೆ ಏನು ಬಂತೆಂದು ಮನೆಯವರು ನೋಡುವುದೇ ಇಲ್ಲ.

ನಾವೆಲ್ಲ ವಾಟ್ಸಾಪ್ ನೋಡುತ್ತೇವೆ, ನಿಜ. ಆದರೆ ಅರ್ಜಿಯ ಸ್ವೀಕೃತಿ, ಪಾಸ್‌ವರ್ಡ್ ಬದಲಿಸುವ ಕೊಂಡಿ, ಕಾಲೇಜಿನ ಪತ್ರ, ಬ್ಯಾಂಕಿನ ಲೆಕ್ಕಪತ್ರ ಬರುವುದು ಹೆಚ್ಚಾಗಿ ಇಮೇಲ್‌ಗೆ. ಇಮೇಲನ್ನು ಸ್ವಂತ ಲ್ಯಾಪ್‌ಟಾಪಿನ ಮುಖಪರದೆಯ ಮೇಲೆ ಒಂದು ಐಕಾನ್ ಆಗಿ ಇಟ್ಟುಕೊಳ್ಳುವುದು ಐದು ನಿಮಿಷದ ಕೆಲಸ. ಆ ಐದು ನಿಮಿಷ ನಮ್ಮಂಥ ಗಡಿ ಊರಿನವರಿಗೆ ಬೇರೆಯವರಿಗಿಂತ ಹೆಚ್ಚು ಬೆಲೆಯುಳ್ಳದ್ದು. ಏಕೆಂದು ನೋಡೋಣ.

ಎರಡು ರಾಜ್ಯಗಳ ನಡುವೆ ನಮ್ಮ ಮಕ್ಕಳು

ವಾಸ ಮಹಾರಾಷ್ಟ್ರದಲ್ಲಿ, ಓದಿನ ಆಸೆ ಕರ್ನಾಟಕದಲ್ಲೂ ಇರುವ ಮಕ್ಕಳು ಎರಡು ಸರ್ಕಾರಗಳ ಪ್ರಕಟಣೆಗಳ ಮೇಲೆ ಒಟ್ಟಿಗೆ ಕಣ್ಣಿಡಬೇಕು. ಮಹಾರಾಷ್ಟ್ರದಲ್ಲಿ ಹನ್ನೊಂದನೆಯ ತರಗತಿಯ ಪ್ರವೇಶ 2025-26ರಿಂದ ಇಡೀ ರಾಜ್ಯಕ್ಕೆ ಒಂದೇ ಆನ್‌ಲೈನ್ ವ್ಯವಸ್ಥೆಯಾಯಿತು. ಮೊದಲು ಕೆಲವೇ ದೊಡ್ಡ ನಗರಗಳಲ್ಲಿದ್ದದ್ದು ಈಗ ನಮ್ಮ ಹಳ್ಳಿಯ ಕಾಲೇಜಿಗೂ ಬಂದಿದೆ.

ಅತ್ತ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮವಿದೆ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮತ್ತು ಗಡಹಿಂಗ್ಲಜ ತಾಲ್ಲೂಕುಗಳನ್ನು, ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳನ್ನು ಪ್ರಾಧಿಕಾರದ ಮಾಹಿತಿ ಪುಸ್ತಕ ಹೆಸರಿಸಿಯೇ ಹೇಳುತ್ತದೆ. ಮರವಡೆಯವರು ಒಂದು ಮಾತು ಗಮನಿಸಬೇಕು. ಮರವಡೆ ಇರುವುದು ಮಂಗಳವೇಢೆ ತಾಲ್ಲೂಕಿನಲ್ಲಿ. ಆ ತಾಲ್ಲೂಕಿನ ಹೆಸರು ಈ ಪಟ್ಟಿಯಲ್ಲಿಲ್ಲ. ಅಕ್ಕಲಕೋಟೆಯ ನೆಂಟರ ಮಗನಿಗೆ ಅನ್ವಯಿಸಿದ್ದು ನಮ್ಮ ಮಗನಿಗೂ ಅನ್ವಯಿಸುತ್ತದೆಂದು ತಿಳಿಯದೆ, ಹೊರನಾಡು ಕನ್ನಡಿಗರ ನಿಯಮವನ್ನು ಬೇರೆಯಾಗಿ ಓದಿಕೊಳ್ಳಬೇಕು.

ಹೊರನಾಡು, ಗಡಿನಾಡು ಅಭ್ಯರ್ಥಿಗಳಿಗೆ ಕನ್ನಡ ಭಾಷಾ ಪರೀಕ್ಷೆಯೂ ಇರುತ್ತದೆ. 2024ರಲ್ಲಿ ಸಿಇಟಿ ಏಪ್ರಿಲ್ 18 ಮತ್ತು 19ರಂದು ನಡೆದು, ಕನ್ನಡ ಪರೀಕ್ಷೆ ಅದರ ಮರುದಿನ 20ಕ್ಕೆ ಇತ್ತು. 2025ರಲ್ಲಿ ಕ್ರಮವೇ ತಿರುಗಿತು: ಕನ್ನಡ ಪರೀಕ್ಷೆ ಮೊದಲು ಏಪ್ರಿಲ್ 15ಕ್ಕೆ, ಸಿಇಟಿ 16 ಮತ್ತು 17ಕ್ಕೆ. ‘ಹೋದ ವರ್ಷ ಅಣ್ಣ ಬರೆದಾಗ ಕೊನೆಗೆ ಇತ್ತಲ್ಲ’ ಎಂದು ನಂಬಿ ಕುಳಿತ ಹುಡುಗಿಗೆ ಪರೀಕ್ಷೆಯೇ ತಪ್ಪಬಹುದಿತ್ತು. ನಮ್ಮ ಮಕ್ಕಳಿಗೆ ಮಾತ್ರ ಇರುವ ಪರೀಕ್ಷೆ ಇದು. ಬೆಂಗಳೂರಿನ ಸಹಪಾಠಿಗೆ ಅದರ ನೆನಪೂ ಇರುವುದಿಲ್ಲ, ನೆನಪಿಟ್ಟುಕೊಳ್ಳಬೇಕಾದವರು ನಾವೇ.

ಕಳೆದ ಕೆಲವು ವರ್ಷಗಳಲ್ಲಿ ಏನು ಬದಲಾಯಿತು?

ಇಮೇಲ್ ಒಮ್ಮೆ ತೆರೆದರೆ ಎಂದೆಂದಿಗೂ ಇರುತ್ತದೆ ಎಂಬ ನಂಬಿಕೆ ಈಗ ಸರಿಯಲ್ಲ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್ 1ರಿಂದ ಜಾರಿಗೆ ತಂದಿತು. ಖಾತೆಯ ಜೊತೆಗೆ ಅದರಲ್ಲಿರುವ ಪತ್ರಗಳು, ಡ್ರೈವ್‌ನಲ್ಲಿಟ್ಟ ಕಾಗದಗಳು, ಫೋಟೋಗಳೂ ಹೋಗುತ್ತವೆ. ಅಳಿದ ಜಿಮೇಲ್ ವಿಳಾಸವನ್ನು ಅದೇ ಹೆಸರಿನಲ್ಲಿ ಮತ್ತೆ ತೆರೆಯಲು ಬರುವುದಿಲ್ಲ. ಹತ್ತನೆಯ ತರಗತಿಯಲ್ಲಿ ಅಂಗಡಿಯವರು ತೆರೆದ ಖಾತೆ ಹನ್ನೆರಡರ ಹೊತ್ತಿಗೆ ಇಲ್ಲವಾಗಬಹುದು ಎಂದರ್ಥ. ಅಳಿಸುವ ಮೊದಲು ಗೂಗಲ್ ಎಚ್ಚರಿಕೆ ಕಳಿಸುತ್ತದೆ. ಆದರೆ ಅದು ಹೋಗುವುದು ನಾವು ತೆರೆಯದೆ ಬಿಟ್ಟ ಅದೇ ಖಾತೆಗೆ ಮತ್ತು ಅದಕ್ಕೆ ಜೋಡಿಸಿದ ಇನ್ನೊಂದು ಇಮೇಲ್‌ಗೆ. ಆಗಾಗ ಖಾತೆ ತೆರೆದು ಪತ್ರ ಓದುತ್ತಿದ್ದರೆ ಸಾಕು, ಖಾತೆ ಉಳಿಯುತ್ತದೆ.

ಎರಡನೆಯದು, ವಿಂಡೋಸ್ ಜೊತೆಗೇ ಬರುತ್ತಿದ್ದ ‘ಮೇಲ್’ ಎಂಬ ಆ್ಯಪ್. ಹಲವರು ಅದರಲ್ಲೇ ಇಮೇಲ್ ನೋಡುತ್ತಿದ್ದರು. ಮೈಕ್ರೋಸಾಫ್ಟ್ ಅದನ್ನು 2024ರ ಡಿಸೆಂಬರ್ 31ಕ್ಕೆ ನಿಲ್ಲಿಸಿ ಹೊಸ ಔಟ್‌ಲುಕ್ ಕೊಟ್ಟಿತು. ಹಳೆಯ ಆ್ಯಪಿನಿಂದ ಈಗ ಪತ್ರ ಕಳಿಸಲೂ ಆಗದು, ಬರಲೂ ಆಗದು. ‘ಇಮೇಲ್ ಕೆಟ್ಟಿದೆ’ ಎಂದು ಕೆಲವರು ಹೇಳುವುದು ಇದನ್ನೇ. ಖಾತೆ ಕೆಟ್ಟಿಲ್ಲ, ಕಿಟಕಿ ಮುಚ್ಚಿದೆ, ಅಷ್ಟೆ. ಬ್ರೌಸರ್‌ನಲ್ಲಿ ತೆರೆದರೆ ಪತ್ರಗಳೆಲ್ಲ ಅಲ್ಲೇ ಇರುತ್ತವೆ.

ಮೂರನೆಯದು, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ನಮ್ಮ ಮನೆಗಳಲ್ಲಿರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟು ಇದೇ ಗುಂಪಿನವು. ನೋಂದಾಯಿಸಿಕೊಂಡವರಿಗೆ ಹೆಚ್ಚುವರಿಯಾಗಿ ಒಂದು ವರ್ಷ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿತ್ತು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ನಿಮ್ಮ ಯಂತ್ರದ ಸ್ಥಿತಿ ನೋಡಿಕೊಳ್ಳಿ. ವಿಂಡೋಸ್ 7 ಇಟ್ಟುಕೊಂಡವರಿಗೆ ಕ್ರೋಮ್‌ನ ಹೊಸ ಆವೃತ್ತಿ 2023ರಿಂದಲೇ ಸಿಗುತ್ತಿಲ್ಲ. ಅಂಥ ಯಂತ್ರದಲ್ಲಿ ಬ್ಯಾಂಕಿಗೆ ಜೋಡಿಸಿದ ಇಮೇಲ್ ತೆರೆಯದಿರುವುದೇ ಒಳ್ಳೆಯದು.

ಇದೇ ಹೊತ್ತಿಗೆ ಕೇಂದ್ರ ಸರ್ಕಾರ ತನ್ನ ಸುಮಾರು 12 ಲಕ್ಷ ನೌಕರರ ಇಮೇಲನ್ನು ತಮಿಳುನಾಡಿನ ಜೋಹೊ ಸಂಸ್ಥೆಯ ವ್ಯವಸ್ಥೆಗೆ ಸಾಗಿಸಿದ ಸುದ್ದಿ 2025ರ ಅಕ್ಟೋಬರ್‌ನಲ್ಲಿ ಬಂತು. ಒಳಗಿನ ಯಂತ್ರ ಬದಲಾದರೂ ಕಚೇರಿಗಳ ವಿಳಾಸದ ಕೊನೆ ‘ಜಿಒವಿ ಡಾಟ್ ಇನ್’ ಅಥವಾ ‘ಎನ್ಐಸಿ ಡಾಟ್ ಇನ್’ ಎಂದೇ ಉಳಿದಿದೆ. ನಮಗೂ ಅದೇ ಪಾಠ: ಆ್ಯಪ್ ಬರುತ್ತದೆ, ಹೋಗುತ್ತದೆ, ಲ್ಯಾಪ್‌ಟಾಪ್ ಹಳೆಯದಾಗುತ್ತದೆ, ಕಾಪಾಡಿಕೊಳ್ಳಬೇಕಾದದ್ದು ವಿಳಾಸ ಮತ್ತು ಅದರ ಕೀಲಿ. ಅದಕ್ಕೇ ಯಾವುದೋ ಆ್ಯಪಿಗೆ ಜೋತುಬೀಳುವುದಕ್ಕಿಂತ ಬ್ರೌಸರ್‌ನಲ್ಲಿ ತೆರೆಯುವ ಇಮೇಲಿಗೆ ಒಂದು ನೇರ ದಾರಿ ಮಾಡಿಕೊಳ್ಳುವುದು ಲೇಸು.

ಮಾಡುವ ವಿಧಾನ

ಮೊದಲು ಬ್ರೌಸರ್ ತೆರೆದು ಮೇಲಿನ ವಿಳಾಸ ಪಟ್ಟಿಯಲ್ಲಿ ‘ಮೇಲ್ ಡಾಟ್ ಗೂಗಲ್ ಡಾಟ್ ಕಾಮ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ನೀವೇ ಟೈಪ್ ಮಾಡಿ, ಲಾಗಿನ್ ಆಗಿ. ಹುಡುಕಿ ಸಿಕ್ಕ ಯಾವುದೋ ಕೊಂಡಿ ಒತ್ತಬೇಡಿ.

ಕ್ರೋಮ್ ಇದ್ದವರು: ಬಲ ಮೇಲ್ತುದಿಯ ಮೂರು ಚುಕ್ಕೆ ಒತ್ತಿ. ‘ಕಾಸ್ಟ್, ಸೇವ್ ಆ್ಯಂಡ್ ಶೇರ್’ ಎಂಬಲ್ಲಿಗೆ ಹೋದರೆ ‘ಇನ್‌ಸ್ಟಾಲ್’ ಎಂದು ಆರಂಭವಾಗುವ ಒಂದು ಸಾಲು, ‘ಕ್ರಿಯೇಟ್ ಶಾರ್ಟ್‌ಕಟ್’ ಎಂಬ ಇನ್ನೊಂದು ಸಾಲು ಕಾಣುತ್ತವೆ. ಮೊದಲನೆಯದನ್ನು ಒತ್ತಿದರೆ ಇಮೇಲ್ ತನ್ನದೇ ಕಿಟಕಿಯಲ್ಲಿ ತೆರೆಯುತ್ತದೆ. ಎರಡನೆಯದನ್ನು ಒತ್ತಿದರೆ ಮುಖಪರದೆಯ ಮೇಲೆ ಬರೀ ಐಕಾನ್ ಬರುತ್ತದೆ.

ಎಡ್ಜ್ ಇದ್ದವರು: ಮೂರು ಚುಕ್ಕೆ ಒತ್ತಿ ‘ಆ್ಯಪ್ಸ್’ ಹುಡುಕಿ, ಹೊಸ ಆವೃತ್ತಿಗಳಲ್ಲಿ ಅದು ‘ಮೋರ್ ಟೂಲ್ಸ್’ ಒಳಗಿರುತ್ತದೆ. ಅಲ್ಲಿ ಈ ಸೈಟನ್ನು ಇನ್‌ಸ್ಟಾಲ್ ಮಾಡುವ ಸಾಲು ಸಿಗುತ್ತದೆ.

ಯಾವ ಬ್ರೌಸರ್ ಇದ್ದರೂ ನಡೆಯುವ ಹಳೆಯ ದಾರಿ: ಮುಖಪರದೆಯ ಖಾಲಿ ಜಾಗದಲ್ಲಿ ಮೌಸ್‌ನ ಬಲಗುಂಡಿ ಒತ್ತಿ, ‘ನ್ಯೂ’, ಆಮೇಲೆ ‘ಶಾರ್ಟ್‌ಕಟ್’ ಆರಿಸಿ. ಕೇಳಿದಲ್ಲಿ ಇಮೇಲಿನ ಪೂರ್ತಿ ವಿಳಾಸ ಹಾಕಿ, ‘ನೆಕ್ಸ್ಟ್’ ಒತ್ತಿ, ಒಂದು ಹೆಸರು ಕೊಟ್ಟು ಮುಗಿಸಿ. ಹೆಸರನ್ನು ಕನ್ನಡದಲ್ಲೇ ‘ಅಂಚೆ’ ಎಂದು ಇಡಬಹುದು.

ಇದೇ ರೀತಿ ಇನ್ನೊಂದು ಐಕಾನ್ ಮಾಡಿ: ಪರೀಕ್ಷಾ ಪ್ರಾಧಿಕಾರದ ಜಾಲತಾಣಕ್ಕೆ. ದಿನಾಂಕದ ಬದಲಾವಣೆ ಅಧಿಕೃತವಾಗಿ ಪ್ರಕಟವಾಗುವುದು ಅಲ್ಲಿ. ಎರಡು ಐಕಾನ್ ಪಕ್ಕಪಕ್ಕ ಇದ್ದರೆ, ದಿನಕ್ಕೊಮ್ಮೆ ನೋಡುವ ರೂಢಿ ತಾನೇ ಬರುತ್ತದೆ.

ನೆಟ್ ಹೋಗಿ ಬಂದು ಮಾಡುವ ಊರಿನವರಿಗೆ ಇನ್ನೊಂದು ಸೌಲಭ್ಯವಿದೆ. ಕ್ರೋಮ್‌ನಲ್ಲಿ ಜಿಮೇಲ್ ಸೆಟ್ಟಿಂಗ್ಸ್‌ನ ‘ಆಫ್‌ಲೈನ್’ ಭಾಗವನ್ನು ಚಾಲೂ ಮಾಡಿದರೆ 7, 30 ಅಥವಾ 90 ದಿನಗಳ ಪತ್ರಗಳು ಲ್ಯಾಪ್‌ಟಾಪಿನಲ್ಲೇ ಉಳಿಯುತ್ತವೆ. ನೆಟ್ ಇಲ್ಲದಾಗಲೂ ಓದಬಹುದು; ಬರೆದಿಟ್ಟ ಪತ್ರ ನೆಟ್ ಬಂದಾಗ ಹೋಗುತ್ತದೆ. ಇದನ್ನು ಸ್ವಂತ ಯಂತ್ರದಲ್ಲಿ ಮಾತ್ರ ಮಾಡಿ.

ಸುಲಭವಾದಷ್ಟೂ ಎಚ್ಚರ ಬೇಕು

ಸರಿಯಾದ ವಿಳಾಸದಿಂದ ಒಮ್ಮೆ ಮಾಡಿದ ಐಕಾನ್ ಪ್ರತಿಸಲವೂ ಅದೇ ಜಾಗಕ್ಕೆ ಒಯ್ಯುತ್ತದೆ. ನಕಲಿ ಲಾಗಿನ್ ಪುಟಕ್ಕೆ ಸಿಕ್ಕಿಬೀಳುವ ಸಂಭವ ಹೀಗೆ ಕಡಿಮೆಯಾಗುತ್ತದೆ. ಆದರೆ ಅದೇ ಐಕಾನ್ ಲ್ಯಾಪ್‌ಟಾಪ್ ಮುಟ್ಟಿದ ಯಾರಿಗಾದರೂ ನಿಮ್ಮ ಪತ್ರಪೆಟ್ಟಿಗೆ ತೆರೆದು ಕೊಡುತ್ತದೆ. ಅಣ್ಣ, ತಂಗಿ, ಕಾಕಾ ಎಲ್ಲರೂ ಒಂದೇ ಲ್ಯಾಪ್‌ಟಾಪ್ ಬಳಸುವ ಮನೆಯಲ್ಲಿ ವಿಂಡೋಸ್‌ನಲ್ಲಿ ಒಬ್ಬೊಬ್ಬರಿಗೂ ಬೇರೆ ಬಳಕೆದಾರ ಹೆಸರು, ಬೇರೆ ಪಾಸ್‌ವರ್ಡ್ ಇರಲಿ. ಅಂಗಡಿಯ ಕಂಪ್ಯೂಟರಿನಲ್ಲಿ ಐಕಾನ್ ಮಾಡಲೇಬೇಡಿ.

ಖಾತೆ ಅಂಗಡಿಯಲ್ಲಿ ತೆರೆದದ್ದಾದರೆ ಇಂದೇ ಮೂರು ಕೆಲಸ ಮಾಡಿ. ಪಾಸ್‌ವರ್ಡ್ ಬದಲಿಸಿ. ಮರುಪಡೆಯುವ ಮೊಬೈಲ್ ನಂಬರ್ ಯಾರದಿದೆ ನೋಡಿ, ನಿಮ್ಮದೇ ಹಾಕಿ. ಎರಡು ಹಂತದ ದೃಢೀಕರಣ ಚಾಲೂ ಮಾಡಿ. ನಂಬರಿನ ಮಾತು ಸಣ್ಣದಲ್ಲ: ಬಳಕೆ ನಿಂತು ಕಡಿತವಾದ ಮೊಬೈಲ್ ನಂಬರನ್ನು 90 ದಿನಗಳ ನಂತರ ಕಂಪನಿ ಬೇರೆಯವರಿಗೆ ಕೊಡಬಹುದು. ವಿಜಯಪುರದಲ್ಲಿ ಓದುವಾಗ ತೆಗೆದುಕೊಂಡ ಸಿಮ್ ಊರಿಗೆ ಬಂದ ಮೇಲೆ ಬಿಟ್ಟರೆ, ನಿಮ್ಮ ಇಮೇಲಿನ ಕೀಲಿ ಅಪರಿಚಿತರ ಕೈ ಸೇರಬಹುದು.

ಕನ್ನಡದಲ್ಲೇ ಬರೆಯೋಣ

ಕರ್ನಾಟಕದ ಕಚೇರಿಗಳಿಗೆ ನಾವು ಇಂಗ್ಲಿಷಿನಲ್ಲಿ ತಡವರಿಸುತ್ತ ಬರೆಯಬೇಕಿಲ್ಲ. 1963ರ ಅಧಿಕೃತ ಭಾಷಾ ಕಾನೂನಿನಂತೆ ಅಲ್ಲಿನ ಆಡಳಿತ ಭಾಷೆ ಕನ್ನಡ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಭಾಷೆಯ ಆಯ್ಕೆಗಳನ್ನೆಲ್ಲ ತೋರಿಸಲು ಹೇಳಿ, ಇನ್‌ಪುಟ್ ಟೂಲ್ಸ್‌ನಲ್ಲಿ ಕನ್ನಡ ಸೇರಿಸಿದರೆ, ಇಂಗ್ಲಿಷ್ ಕೀಲಿಗಳಲ್ಲಿ ಒತ್ತಿದ್ದು ಕನ್ನಡವಾಗಿ ಮೂಡುತ್ತದೆ. ಹಳೆಯ ನುಡಿ ಆವೃತ್ತಿಯ ಆಸ್ಕಿ ಫಾಂಟಿನಲ್ಲಿ ಬರೆದು ಅಂಟಿಸಬೇಡಿ; ಅತ್ತ ಕಡೆ ಅದು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲೇ ಬರೆಯಿರಿ.

ಗಡಿಯ ಪ್ರಶ್ನೆಗೆ ಉತ್ತರ ಯಾವಾಗ ಸಿಗುವುದೋ, ಅದು ನಮ್ಮ ಕೈಯಲ್ಲಿಲ್ಲ. ಆದರೆ ಗಡಿ ದಾಟಿ ಬಂದ ಒಂದು ಪತ್ರವನ್ನು ಅದೇ ದಿನ ಓದುವುದು ನಮ್ಮ ಕೈಯಲ್ಲಿದೆ. ಸಿಇಟಿ ಅರ್ಜಿಯ ದಿನಗಳು ಬರುವ ಮೊದಲು ಪ್ರತಿಯೊಂದು ಮನೆಯ ಲ್ಯಾಪ್‌ಟಾಪಿನ ಮೇಲೆ ಈ ಎರಡು ಐಕಾನ್ ಇರಲಿ. ತಿಳಿದವರು ಪಕ್ಕದ ಮನೆಯವರಿಗೆ ಮಾಡಿಕೊಡಿ. ಆಗದವರು ಸಂಘದ ಕಾರ್ಯಕ್ರಮಗಳಿಗೆ ಬರುವಾಗ ಲ್ಯಾಪ್‌ಟಾಪ್ ಜೊತೆಗೆ ತನ್ನಿ. ನಮ್ಮ ಯುವಕ ಯುವತಿಯರಲ್ಲಿ ಯಾರಾದರೊಬ್ಬರು ಕೂಡಿಸಿಕೊಂಡು ತೋರಿಸಿಯಾರು. ಪಾಸ್‌ವರ್ಡ್ ಮಾತ್ರ ಅವರಿಗೂ ಹೇಳಬೇಡಿ, ನೀವೇ ಟೈಪ್ ಮಾಡಿ.